ಮಳೆ ತರಿಸಿದವನ ಮಗ

ಔರಾದದಿಂದ ಭಾಲ್ಕಿಗೆ ಹೊರಟ ಬಸ್ಸಿನಲ್ಲಿ ಮಚ್ಛೇಂದ್ರನ ಮೊಣಕಾಲುಗಳ ನಡುವೆ ಗಿಟಾರಿತ್ತು, ತೊಡೆಯ ಮೇಲೆ ಚಾದರದಲ್ಲಿ ಸುತ್ತಿದ ಚರ್ಮದ ಹಲಗಿ ಇತ್ತು. ಗಿಟಾರನ್ನು ಯಾರು ನೋಡಿದರೂ ಅವನಿಗೆ ಅಡ್ಡಿಯಿರಲಿಲ್ಲ; ನೋಡಲಿ ಎಂದೇ ಅದರ ಚೀಲದ ಮೇಲೆ ಬುರುಡೆಯ ಚಿತ್ರ ಬರೆಸಿದ್ದ. ಹಲಗಿಯ ಗಂಟನ್ನು ಮಾತ್ರ ಎರಡೂ ಕೈಯಿಂದ ಒತ್ತಿ ಹಿಡಿದು, ಕದ್ದ ಕೋಳಿಯನ್ನು ಮುಚ್ಚಿಕೊಂಡವನಂತೆ ಕೂತಿದ್ದ. ಬಸ್ಸಿನ ತುಂಬ ಊರು ಬಿಟ್ಟು ಹೊರಟ ಜನ. ಕೊಡ, ಬೋಗುಣಿ, ರೊಟ್ಟಿ ಗಂಟು, ಹಗ್ಗ ಬಿಗಿದ ಹಾಸಿಗೆ. ಭಾಲ್ಕಿಯಲ್ಲಿ ರೈಲು ಹಿಡಿದು ಪುಣೆಗೋ ಮುಂಬಯಿಗೋ ಹೋಗುವವರು. ಬೀಗ ಹಾಕಿದ ಮನೆಗಳ ಬಗ್ಗೆ, ಲಾತೂರಿಗೆ ರೈಲಿನಲ್ಲಿ ನೀರು ಬರುತ್ತದಂತೆ ಎಂಬ ಸುದ್ದಿಯ ಬಗ್ಗೆ ಮಾತಾಡುತ್ತಿದ್ದರು. ಅವರ ನಡುವೆ ಕರಿ ಬನಿಯನ್ನು, ಕಿವಿಯಲ್ಲಿ ಬೆಳ್ಳಿ ರಿಂಗು ಹಾಕಿಕೊಂಡ ಮೂವತ್ತು ದಾಟಿದ ಈ ಗಂಡಸು ಯಾಕೆ ಬೆವರುತ್ತಿದ್ದಾನೆ ಎಂದು ಯಾರೂ ಕೇಳಲಿಲ್ಲ. ಕಂಡಕ್ಟರ್ ಕೇಳಿದ್ದು ಬೇರೆ.

"ಗಿಟಾರ್ ಸಾಹೇಬ್ರ, ಆ ಗಂಟಿನ್ಯಾಗ ಏನದ್ರಿ? ಲಗೇಜ್ ಹಚ್ಚಬೇಕೇನು?"

"ಜರಡಿ," ಅಂದ ಮಚ್ಛೇಂದ್ರ.

ಜರಡಿ! ಸುಳ್ಳು ಹೇಳುವವನಿಗೆ ಒಂದಿಷ್ಟು ಅಂದಾಜಾದರೂ ಬೇಡವೆ? ರಸ್ತೆ ಮಧ್ಯದ ತಗ್ಗಿಗೆ ಬಸ್ಸು ಧಡಕ್ಕನೆ ಇಳಿಯಿತು, ಅವನ ಗೆಣ್ಣು ಗಂಟಿಗೆ ಬಡಿಯಿತು, ಚಾದರದೊಳಗಿಂದ ಹಲಗಿ ತನ್ನ ಹೆಸರನ್ನು ತಾನೇ ಹೇಳಿಬಿಟ್ಟಿತು. ಆ ಸದ್ದು ಗೊತ್ತಿಲ್ಲದವರು ಆ ಸೀಮೆಯಲ್ಲಿ ಯಾರಿದ್ದಾರೆ. ಹಿಂದಿನ ಸೀಟಿನ ಕುರಿಗಾರ ಧೊಂಡಿಬಾ, ಕುರಿ ಮಾರಿ ಹೆಂಡತಿಯೊಂದಿಗೆ ಹೊರಟವನು, ನಕ್ಕು, "ಜರಡಿ ಭಾಳ ಛಲೋ ಮಾತಾಡ್ತದ ಬಿಡ್ರಿ" ಅಂದ. ಎಲ್ಲರೂ ನಕ್ಕರು. ಕೆಟ್ಟ ನಗೆಯೇನಲ್ಲ. ಆದರೂ ಮಚ್ಛೇಂದ್ರನ ಕಿವಿಯ ಬುಡ ಉರಿಯಿತು. ಇವರಿಗೆ ನಾನು ಯಾರೆಂದು ಗೊತ್ತಿಲ್ಲ ಎಂದುಕೊಂಡ. ಮರುಗಳಿಗೆಯಲ್ಲೇ, ಈಗ ಗೊತ್ತಾಯಿತು ಎಂದುಕೊಂಡ.

ಇವತ್ತು ಸಂಜೆ ಬೀದರದ ರಂಗಮಂದಿರದಲ್ಲಿ ಕಾರ್ಯಕ್ರಮ. ಹೈದರಾಬಾದಿನ ರಶೀದ ಅಹ್ಮದರ ಜಾಝ್ ತಂಡ, ಜೊತೆಗೆ ಎಕಂಬಾದ ಕಾಶೀರಾಮನ ಹಲಗಿ. ಕಾಶೀರಾಮ ಅಂದರೆ ಅಪ್ಪ. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಹೇಳಲೆಂದೇ ಹಿಂದೆ ಭಾಲ್ಕಿಯ ಮನೆಗೆ ಹೋಗಿ ಅವ್ವನ ಕೈಯ ರೊಟ್ಟಿ ತಿಂದು, ಅಪ್ಪನ ಎದುರು ಕೂತು, ಬಿಸಿಲಿನ ಬಗ್ಗೆ ಮಾತಾಡಿ ಎದ್ದು ಬಂದಿದ್ದ. ಸಾವಿರ ಜನರ ಎದುರು ಗಂಟಲು ಹರಿಯುವಂತೆ ಕಿರುಚಬಲ್ಲವನು ಇವನು. ಹೈದರಾಬಾದಿನಲ್ಲಿ ಇವನ ಹೆವಿ ಮೆಟಲ್ ತಂಡದ ಹೆಸರು ಜಬಡಾ. ಶನಿವಾರ ಅದರ ಕಾರ್ಯಕ್ರಮವೆಂದರೆ ಹುಡುಗರು ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ಮೂಗಿನಿಂದ ರಕ್ತ ಸುರಿಸಿಕೊಂಡು ಕುಣಿಯುತ್ತಿದ್ದರು. ಗಿಟಾರನ್ನು ಅವನು ನುಡಿಸುತ್ತಿರಲಿಲ್ಲ, ಚಚ್ಚುತ್ತಿದ್ದ. ಉಳಿದ ದಿನ ಅದೇ ಮನುಷ್ಯ ಬಿಳಿ ಅಂಗಿ ಹಾಕಿ ಹೋಟೆಲಿನ ಮೂಲೆಯಲ್ಲಿ ರಶೀದ ಅಹ್ಮದರ ಸ್ಯಾಕ್ಸೊಫೋನಿನ ಹಿಂದೆ ನಿಂತು ಮೆಲ್ಲಗೆ, ಊಟ ಮಾಡುವವರ ಚಮಚದ ಸದ್ದಿಗಿಂತ ಮೆಲ್ಲಗೆ, ಜಾಝ್ ನುಡಿಸುತ್ತಿದ್ದ. "ಮಾರೋ ನಕ್ಕೋ ಮಿಯಾಂ, ಥಮೋ," ಅನ್ನುತ್ತಿದ್ದರು ರಶೀದ ಅಹ್ಮದ್. ಬಡಿಯಬೇಡ, ತಾಳು. ಖಾಲಿ ಇರುವ ಜಾಗವನ್ನೆಲ್ಲ ತುಂಬಬೇಡ, ಇನ್ನೊಬ್ಬನಿಗೆ ಬಿಡು. ತಾಳುವುದನ್ನು ಕಲಿಯಲಿಕ್ಕೆ ಅವನಿಗೆ ವರ್ಷಗಳೇ ಬೇಕಾದವು. ಕಲಿತ ಮೇಲೆ ಅದು ಎಷ್ಟು ಒಗ್ಗಿತೆಂದರೆ, ಮಾತಾಡಬೇಕಾದಲ್ಲೂ ತಾಳುತ್ತಿದ್ದ.

ಒಂದು ಮಧ್ಯಾಹ್ನ ತಾಲೀಮು ಮುಗಿದು ಚಹಾ ಕುಡಿಯುವಾಗ ರಶೀದ ಅಹ್ಮದ್ ಕೇಳಿದರು, ಈ ಬಲಗೈಯ ಏಟು ನಿನಗೆ ಎಲ್ಲಿಂದ ಬಂತು, ಕಲಿಸಿದ್ದಲ್ಲ ಇದು, ರಕ್ತದ್ದು. ಹೊಗಳಿಕೆಗೆ ಮಚ್ಛೇಂದ್ರ ಬೆಣ್ಣೆಯಂತೆ ಕರಗಿದ. ಅಪ್ಪನ ಕಥೆ ಹೇಳಿದ. ಎಪ್ಪತ್ತೆರಡರ ಬರಗಾಲದಲ್ಲಿ ನಮ್ಮಪ್ಪ ಹಲಗಿ ಬಡಿದ, ಬಡಿದ, ಬಡಿದ. ಸಂಜೆಗೆ ಮೋಡ ಬಂತು, ಮಳೆ ಸುರಿಯಿತು. ಇಷ್ಟೇ ಹೇಳಿದ. ರಶೀದ ಅಹ್ಮದರ ಕಣ್ಣಲ್ಲಿ ನೀರು. ಈ ಸಂಗೀತ ಹುಟ್ಟಿದ್ದೂ ಇಂಥ ಜನರ ಕೈಯಲ್ಲೇ ಮಿಯಾಂ, ಹೊಡೆಸಿಕೊಂಡವರ ಕೈಯಲ್ಲಿ, ನಿಮ್ಮಪ್ಪನನ್ನು ಕರೆತಾ, ಬರಗಾಲದವರಿಗಾಗಿ ಬೀದರದಲ್ಲೇ ಮಾಡೋಣ, ಮುಂಬಯಿಯ ಜಾಝ್ ಹಬ್ಬದವರನ್ನೂ ಕರೆಸುತ್ತೇನೆ, ಇದೊಂದು ಆದರೆ ನೀನು ಹೋಟೆಲಿನ ಮೂಲೆಯಲ್ಲಿ ನಿಲ್ಲುವುದು ತಪ್ಪುತ್ತದೆ. ಮಚ್ಛೇಂದ್ರ ಹೂಂ ಅಂದ. ಮುಂಬಯಿಯ ವೇದಿಕೆ ಕಣ್ಣ ಮುಂದೆ ಬಂದಿತ್ತು, ಅಪ್ಪ ಬಂದಿರಲಿಲ್ಲ.

ಹೇಳದೆ ಬಿಟ್ಟದ್ದೂ ಇತ್ತು. ಅವ್ವ ಅದನ್ನು ಒಲೆಯ ಮುಂದೆ ಕೂತು, ಅಪ್ಪ ಮನೆಯಲ್ಲಿಲ್ಲದಾಗ, ದನಿ ತಗ್ಗಿಸಿ ಹೇಳಿದ್ದಳು. ಆಗ ಕಾಶೀರಾಮನಿಗೆ ಮೀಸೆ ಚಿಗುರುತ್ತಿದ್ದ ಕಾಲ. ಧಮ್ಮದೀಕ್ಷೆ ತೆಗೆದುಕೊಂಡು ಬಂದು, ಮನೆಯ ಹಲಗಿಯನ್ನು ಅಂಗಳದಲ್ಲಿ ಸುಟ್ಟಿದ್ದ. ಊರಿನವರು ಮಳೆಗಾಗಿ ಸೆಗಣಿಯ ಗುರ್ಜಿ ಬೊಂಬೆ ಹೊತ್ತು, ಅದಕ್ಕೆ ನೀರು ಸುರಿಸುತ್ತ ಮನೆ ಮನೆ ತಿರುಗಬೇಕು, ಗುರ್ಜಿಯ ಮುಂದೆ ಹಲಗಿ ಬೇಕು. ಬಡಿಯುವುದಿಲ್ಲ ಎಂದ. ಬೇರೆ ಊರಿನಿಂದ ಹಲಗಿ ತರಿಸಿದರು, ಬಾವಿಯ ಹಗ್ಗದಿಂದ ಅವನ ಕೊರಳಿಗೇ ಬಿಗಿದರು, ಗುರ್ಜಿಗೆ ಸುರಿಯುವ ನೀರನ್ನು ಅವನ ಮೇಲೆ ಸುರಿದು, ಒದ್ದೆ ಬೆನ್ನಿನ ಮೇಲೆ ಬಾರುಕೋಲಿನಿಂದ ಹೊಡೆದರು. ಬಿಸಿಲಿಳಿಯುವವರೆಗೆ ಹೊಡೆಸಿಕೊಂಡ. ಆಮೇಲೆ ಬಡಿದ. ಮಳೆ ಬಂತು. ಅದೇ ಕೇಡಾಯಿತು ನೋಡಿ. ಬರದಿದ್ದರೆ ಒಂದು ದಿನದ ಅಪಮಾನಕ್ಕೆ ಮುಗಿಯುತ್ತಿತ್ತು. ಮಳೆ ಬಂದ ಮೇಲೆ ಈ ಕೈಯನ್ನು ಊರು ಬಿಟ್ಟೀತೆ? ಅದೇ ಮಳೆಯಲ್ಲಿ ನೆನೆಯುತ್ತ ಊರು ಬಿಟ್ಟು ಭಾಲ್ಕಿ ಸೇರಿದ, ಶಾಲೆಯಲ್ಲಿ ಜವಾನನಾದ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಗಂಟೆ ಹೊಡೆದು ನಿವೃತ್ತನಾದ. ಮನೆಯಲ್ಲಿ ತಾಟು ಬಡಿಯುವಂತಿಲ್ಲ, ಡಬ್ಬಿ ಬಡಿಯುವಂತಿಲ್ಲ. ಸಣ್ಣವನಿದ್ದಾಗ ಮಚ್ಛೇಂದ್ರ ಹಿಟ್ಟಿನ ಡಬ್ಬಿ ಬೋರಲು ಹಾಕಿ ಬೆರಳಾಡಿಸುತ್ತಿದ್ದಾಗ ಹಿಂದಿನಿಂದ ಬಿದ್ದ ಏಟಿಗೆ ಎಡಗಿವಿಯಲ್ಲಿ ಒಂದು ಸಿಳ್ಳು ಹುಟ್ಟಿತು. ಅದು ಈಗಲೂ ಇದೆ. ಪತ್ರಿಕೆಯವರು ಕೇಳಿದರೆ ದೊಡ್ಡ ಸ್ಪೀಕರುಗಳಿಂದ ಬಂದದ್ದು ಅನ್ನುತ್ತಾನೆ, ಹೆವಿ ಮೆಟಲ್ ಬಾರಿಸುವವರಿಗೆ ಇದೆಲ್ಲ ಇದ್ದದ್ದೇ ಎಂದು ನಗುತ್ತಾನೆ. ಗಿಟಾರು ಹಿಡಿದದ್ದು ಸಹ ಅದು ತಂತಿ, ಚರ್ಮವಲ್ಲ ಎಂಬ ಕಾರಣಕ್ಕೆ. ಅಪ್ಪ ಅದಕ್ಕೆ ಏನೂ ಅನ್ನಲಿಲ್ಲ. ತನ್ನ ಹಣದಲ್ಲೇ ಕೊಡಿಸಿದ್ದ.

ಭಾಲ್ಕಿಯಲ್ಲಿ ಇಳಿದು ಓಣಿಯ ಕಡೆ ತಿರುಗುತ್ತಲೇ ಮೈಕಿನ ಸದ್ದು ಕಿವಿಗೆ ಬಿತ್ತು. ಮೊದಲು ಅರ್ಥವಾಗಲಿಲ್ಲ, ಯಾವುದೋ ಸೀರೆ ಅಂಗಡಿಯ ಆಟೊ ಇರಬೇಕೆಂದುಕೊಂಡ. ಆಮೇಲೆ ಅಪ್ಪನ ಹೆಸರು ಕೇಳಿತು. ಹೆಸರಿನ ಹಿಂದೆ ಇನ್ನೊಂದು ಶಬ್ದ ಸೇರಿತ್ತು.

"ಇಂದು ಸಂಜಿಕಿ ಬೀದರ ರಂಗಮಂದಿರದಾಗ! ಬರಗಾಲದ ಮಂದಿಗಿ ಮದತ್ ಸಲುವಾಗಿ ಭಾರೀ ಕಾರ್ಯಕ್ರಮ! ಹಲಗಿ ಬಡದು ಮಳಿ ತರಿಸಿದ ಕಾಶೀರಾಮ! ಎಕಂಬಾದ ಹಲಗಿ ಕಾಶೀರಾಮ! ಬರ್ರಿ, ನೋಡ್ರಿ, ಹಲಗಿ ಕಾಶೀರಾಮ!"

ಮಚ್ಛೇಂದ್ರ ಓಡಿದ. ಗಿಟಾರು ಬೆನ್ನಿಗೆ ಬಡಿಯುತ್ತಿತ್ತು, ಗಂಟು ಹೊಟ್ಟೆಗೆ ಬಡಿಯುತ್ತಿತ್ತು. ನಳದ ಮುಂದೆ ಕೊಡಗಳ ಸಾಲು, ಸಾಲಿನ ಪಕ್ಕದಲ್ಲಿ ಆಟೊ. ಅದರ ಡ್ರೈವರ್ ಹಬೀಬ ಓಣಿಯ ಹುಡುಗನೇ, ತಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಖುಷಿಯಲ್ಲಿ ಕಾಶೀರಾಮ ಕಾಕಾನ ಮುಂದೆಯೇ ಆಟೊ ನಿಲ್ಲಿಸಿ ಮೈಕು ಹಿಡಿದು ಕೂಗುತ್ತಿದ್ದ. ಎಲ್ಲರ ಕುತ್ತಿಗೆಯೂ ಅಪ್ಪನ ಕಡೆ ತಿರುಗಿತ್ತು. ಅಪ್ಪ ಎರಡು ಕೊಡಗಳ ನಡುವೆ ನಿಂತಿದ್ದ, ಇಸ್ತ್ರಿ ಅಂಗಿ, ಅಂಗಿಯ ಜೇಬಿನಲ್ಲಿ ಪೆನ್ನು. ಅವನ ಮುಖದಲ್ಲಿ ಕೋಪವಿರಲಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗರ ಮುಖ ಹಾಗಿರುತ್ತದೆ.

ಅಪ್ಪನಿದ್ದ ಶಾಲೆಯಲ್ಲೇ ಗುಮಾಸ್ತನಾಗಿದ್ದ ಬಸವಣ್ಣೆಪ್ಪ ಸಾಲಿನಲ್ಲಿ ಹಿಂದೆ ನಿಂತಿದ್ದ. ಇಷ್ಟು ವರ್ಷ ಕಾಶೀರಾಮನೊಂದಿಗೆ ಒಂದೇ ಅಂಗಡಿಯ ಚಹಾ ಕುಡಿದವನು, ಮಗಳ ಲಗ್ನಕ್ಕೆ ಮನೆತನಕ ಬಂದು ಕರೆದವನು, ನೀವು ಬಿಟ್ಟು ನೀನು ಎಂದವನಲ್ಲ. ಈಗ ಕೊಡದ ಮೇಲೆ ಕೈಯಿಟ್ಟು ನಕ್ಕ.

"ಏನಲೇ ಕಾಶೀರಾಮ, ಇಷ್ಟು ದಿನ ನಮಗೆಲ್ಲಾ ಈ ನಳದ ಮುಂದ ನಿಂದರಸಿ, ನೀ ಮಳಿ ಕಟಗೊಂಡು ಮನ್ಯಾಗ ಕುಂತಿದ್ದೇನು? ತಗದು ಬಡಿ ಅತ್ಲಾಗ ಒಂದೀಟು!"

ಕೊಡಗಳ ಸಾಲು ನಕ್ಕಿತು. ಅಪ್ಪನೂ ನಗಲು ನೋಡಿದ. ತುಟಿ ಅಷ್ಟು ದೂರ ಹೋಗಿ ನಿಂತಿತು. ಆಗ ಅವನ ಕಣ್ಣಿಗೆ ಮಗ ಬಿದ್ದ, ಮಗನ ಕೈಯ ಗಂಟು ಬಿತ್ತು. ಚಾದರದಲ್ಲಿ ಸುತ್ತಿದರೇನು, ಆ ದುಂಡು ಅವನಿಗೆ ಗೊತ್ತಾಗದೆ ಇದ್ದೀತೆ. ಕೊಡ ಅಲ್ಲೇ ಬಿಟ್ಟು ಮನೆಯೊಳಗೆ ನಡೆದ. ಮಚ್ಛೇಂದ್ರ ಹಬೀಬನ ಕೈಯಿಂದ ಮೈಕು ಕಿತ್ತು ನೆಲಕ್ಕೆ ಒಗೆದ. "ಯಾಕ ಅಣ್ಣಾ, ಏನಾಯ್ತು ಅಣ್ಣಾ, ನೀವೇ ಅಲ್ಲೇನು ಹೇಳಿ ಕಳಿಸಿದವ್ರು?" ಎಂದು ಹಬೀಬ ಪಾಪ ಗಾಬರಿಯಾಗಿ ಕೇಳಿದ. ಹೌದು, ಇವನೇ. ಊರೂರಲ್ಲಿ ಮೈಕು ತಿರುಗಿಸಿರಿ ಎಂದು ರಶೀದ ಅಹ್ಮದರಿಗೆ ಹೇಳಿದ್ದು ಇವನೇ. ಭಾಲ್ಕಿ ಬಿಟ್ಟು ಎಂದು ಹೇಳಲು ಅವನಿಗೆ ಹೊಳೆದಿರಲಿಲ್ಲ.

ಒಳಗೆ ಬುದ್ಧನ ಮೂರ್ತಿ, ಅದರ ಮೇಲೆ ಬಾಬಾಸಾಹೇಬರ ಫೋಟೋ. ಅದರ ಕೆಳಗೆ ಅಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವ್ವ ಕೌಸಲ್ಯಾಬಾಯಿ ಹಿಟ್ಟಿನ ಕೈಯಲ್ಲೇ ಒಲೆಯ ಮುಂದಿನಿಂದ ಎದ್ದು ಬಂದಿದ್ದಳು. ಮೈಕು ಅವಳಿಗೂ ಕೇಳಿಸಿತ್ತು.

"ಬಿಚ್ಚು," ಅಂದ ಅಪ್ಪ.

"ಅಪ್ಪಾ, ನಾ ಹೇಳಬೇಕಂತ್ಲೇ..."

"ಬಿಚ್ಚಲೇ ಅದಕ್ಕ."

ಮಚ್ಛೇಂದ್ರ ಚಾದರ ಬಿಚ್ಚಿದ. ಔರಾದದ ಸಂತೆಯಲ್ಲಿ ಚರ್ಮ ಅಗ್ಗವಾಗಿತ್ತು, ಆ ವರ್ಷ ಸತ್ತ ದನಕರುಗಳಿಗೆ ಲೆಕ್ಕವೇ ಇರಲಿಲ್ಲ. ಹೊಸ ಹಲಗಿ ಬೆಳ್ಳಗೆ ಹೊಳೆಯಿತು. ಜೊತೆಗೆ ದಪ್ಪದೊಂದು, ಸಪೂರದೊಂದು ಬಡಿಗೆ. ಅಪ್ಪ ಬಗ್ಗಿ ದಪ್ಪನೆಯದನ್ನು ಎತ್ತಿಕೊಂಡ. ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದು ಬೆನ್ನಿಗೆ. ಆಮೇಲೆ ಎಣಿಸುವಂತಿರಲಿಲ್ಲ. ಮುದುಕ ಮೂಗಿನಿಂದ ಉಸಿರು ಬಿಡುತ್ತ ಒಂದೇ ಅಳತೆಯಲ್ಲಿ ಹೊಡೆದ. ಮಚ್ಛೇಂದ್ರ ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಿ, ಎರಡೂ ಅಂಗೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ. ತಲೆ ಒಡೆದರೂ ಹೊಲಿಯಬಹುದು, ಬೆರಳು ಹೋದರೆ ಸಂಜೆಗೆ ಏನು ಗತಿ? ಇಷ್ಟು ಹೊಡೆತದ ನಡುವೆ ಅವನ ತಲೆಯಲ್ಲಿ ಓಡಿದ್ದು ಈ ಯೋಚನೆ. ಅವ್ವ ಅದನ್ನು ಕಂಡುಬಿಟ್ಟಳು.

"ನೋಡ್ರಿ, ನೋಡ್ರಿ ಇವನಿಗಿ! ಕೈ ಮುಚ್ಚಿಕೊಂಡಾನ! ನಿಮ್ಮ ಮಾನ ಓಣಿ ತುಂಬ ಹರವಿ ಬಂದು ತನ್ನ ಕೈ ಮುಚ್ಚಿಕೊಂಡು ಕುಂತಾನ! ಹಾಕ್ರಿ ಆ ಕೈಗೇ!"

ಅವ್ವ ಹಾಗೆ ಅಂದಳೇ? ಅಂದಳು. ಜೀವಮಾನದಲ್ಲಿ ಇವನ ಮೇಲೆ ಕೈಯೆತ್ತದ ಹೆಂಗಸು ಅಂದಳು. ಬಡಿಗೆ ಮೊಣಕೈಗೆ ಬಿತ್ತು, ಎಡಗೈಯ ಬೆರಳುಗಳಿಗೆ ಬೆಂಕಿ ಹರಿಯಿತು, ಮಚ್ಛೇಂದ್ರ ಎದ್ದು ನಿಂತ. ತಳ್ಳಿದೆ ಎಂದು ಆಮೇಲೆ ಬಹಳ ಹೊತ್ತು ತನಗೆ ತಾನೇ ಹೇಳಿಕೊಂಡ, ತಳ್ಳಿದ್ದು ಅಷ್ಟೇ, ಕಾಲು ಜಾರಿತು. ಸುಳ್ಳು. ಮುಷ್ಟಿ ಕಟ್ಟಿ, ಅಪ್ಪನ ಬಾಯಿಗೆ ಗುರಿಯಿಟ್ಟು ಹೊಡೆದ. ಅಪ್ಪನ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು, ಕಾಲು ಮಡಚಿ ಕೂತುಬಿಟ್ಟ. ಬಾಯಿಂದ ರಕ್ತ ಇಳಿದು ಅಂಗಿಯ ಜೇಬಿನ ಪೆನ್ನಿನ ಮೇಲೆ ಬಿತ್ತು. ಹೊಡೆದ ಕೈಯಲ್ಲಿ ಏನೋ ಹಿತ. ಶನಿವಾರ ವೇದಿಕೆಯ ಮೇಲೆ, ಕೆಳಗಿನ ಹುಡುಗರ ಮೂಗಿನಿಂದ ರಕ್ತ ಸುರಿಯುವಾಗ ಆಗುತ್ತಿದ್ದ ಹಿತವೇ ಅದು. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಹೊರಗೆ ನಳ ನಿಂತುಹೋಯಿತೆಂದು ಹೆಂಗಸರು ಒದರಾಡುತ್ತಿದ್ದರು.

ಅಪ್ಪ ನಿಧಾನವಾಗಿ ಎದ್ದ. ಅರ್ಧ ತಂಬಿಗೆ ನೀರಲ್ಲಿ ಬಾಯಿ ಮುಕ್ಕಳಿಸಿದ. ಅಂಗಿ ಬಿಚ್ಚಿ ಬೇರೆ ಬಿಳಿ ಅಂಗಿ ಹಾಕಿಕೊಂಡ, ಪೆನ್ನು ಒರೆಸಿ ಅದರ ಜೇಬಿಗೆ ಸಿಕ್ಕಿಸಿದ.

"ನಡಿ," ಅಂದ.

"ಎಲ್ಲಿಗ್ಯಪ್ಪಾ?"

"ಬೀದರಕ. ನಾ ಕೆಳಗ ಕುರ್ಚಿ ಮ್ಯಾಲ ಕೂಡ್ತೇನಿ. ನೀ ಕೊಳ್ಳಾಗ ಹಾಕ್ಕೋ. ನಿನ್ನ ಹೆಸರು ಹೇಳು, ಊರ ಹೆಸರು ಹೇಳು, ಎಲ್ಲಾರ ಎದುರು ಬಡಿ. ಹಲಗಿ ಅಷ್ಟು ಛಂದ ಇದ್ರ ನೀ ಯಾಕ ಬಡೀಬಾರದು? ನನ್ನ ಹೆಸರೇ ಯಾಕ ಬೇಕು ನಿನಗ?"

ಮಚ್ಛೇಂದ್ರ ಅಪ್ಪನ ಊದಿದ ತುಟಿ ನೋಡಿದ. "ಹೂಂ" ಅಂದ.

"ಬಡೀತಿ?"

"ಬಡೀತೇನಿ ಅಪ್ಪಾ."

"ಬಡದ್ರ ಮನಿಗಿ ಬಾ," ಅಂದ ಕಾಶೀರಾಮ. "ಇಲ್ಲಾಂದ್ರ ಬರಬ್ಯಾಡ."

ಭಾಲ್ಕಿಯಿಂದ ಬೀದರದವರೆಗೆ ಅಪ್ಪ ಮುಂದಿನ ಸೀಟಿನಲ್ಲಿ, ಮಗ ಹಿಂದಿನ ಸೀಟಿನಲ್ಲಿ. ಅಪ್ಪನ ಕುತ್ತಿಗೆಯ ಹಿಂಭಾಗ, ಬಾಚಿದ ಬಿಳಿ ಕೂದಲು, ಅಂಗಿಯ ಕಾಲರಿನ ಸವೆದ ಅಂಚು. ಅಲ್ಲಿಗೇ ಹಗ್ಗ ಬಿಗಿದಿರಬೇಕು ಅವರು. ಬಾವಿಯ ಹಗ್ಗ ಒದ್ದೆಯಾದರೆ ಇನ್ನಷ್ಟು ಬಿಗಿಯುತ್ತದೆ. ನಾನು ಬಡಿಯುತ್ತೇನೆ, ಬಡಿದೇ ಬಡಿಯುತ್ತೇನೆ, ಅದರಲ್ಲೇನಿದೆ, ಒಂದು ವಾದ್ಯ, ನನ್ನ ಕೈಗೆ ಬರದ ಏಟು ಯಾವುದಿದೆ? ಕಿಟಕಿಯಾಚೆ ಕೆಂಪು ನೆಲ ಓಡುತ್ತಿತ್ತು, ಹೊಲಗಳಲ್ಲಿ ಕೊಯ್ದುಳಿದ ತೊಗರಿ ಕಟ್ಟಿಗೆಯಷ್ಟೇ. ಹೈದರಾಬಾದಿನ ಗೆಳೆಯರು ಇವತ್ತು ಬರುತ್ತಾರೆ. ಜಬಡಾದ ಹುಡುಗರೂ ಬರುತ್ತಾರೆ. ಅವರಿಗೆ ಅಪ್ಪನ ಕಥೆ ಗೊತ್ತು; ಅಪ್ಪನ ಕಥೆಯಾಗಿ ಗೊತ್ತು. ಕಥೆ ಹೇಳುವವನ ಕೊರಳಲ್ಲಿ ಗಿಟಾರಿರುತ್ತದೆ. ಇಷ್ಟು ದೂರ ಯೋಚಿಸಿ ಅವನು ಕಣ್ಣು ಮುಚ್ಚಿದ.

ರಂಗಮಂದಿರದ ಹಿಂದಿನ ಅಂಗಳದಲ್ಲಿ ರಶೀದ ಅಹ್ಮದ್ ತಾವೇ ಪತ್ರಿಕೆ ಹಾಳೆಗಳ ಬೆಂಕಿ ಮಾಡಿ, ಚರ್ಮ ಬಿಗಿಯಾಗಲೆಂದು ಕೂಸಿನ ಮೈ ಕಾಸಿದಂತೆ ಹಲಗಿ ಕಾಸಿದರು. ಅವರಲ್ಲಿ ಕಪಟವಿರಲಿಲ್ಲ, ಅದೇ ತೊಂದರೆ. ಮೇಕಪ್ಪಿನ ಕೋಣೆಯಲ್ಲಿ ಯಾರೂ ಇರದಾಗ ಮಚ್ಛೇಂದ್ರ ಹಲಗಿಯನ್ನು ಕೊರಳಿಗೆ ಹಾಕಿಕೊಂಡ. ಎದುರು ಗೋಡೆಯಗಲದ ಕನ್ನಡಿ, ಸುತ್ತ ಬಲ್ಬು. ಕಿವಿಯ ರಿಂಗು, ತೋಳಿನ ಹಚ್ಚೆ, ಎದೆಯ ಮೇಲೆ ಹಲಗಿ. ನೋಡಿದ. ಕನ್ನಡಿಯೊಳಗಿನವನು ಯಾರ ಮನೆಯ ಮುಂದೆಯೋ, ಮೆಟ್ಟಿಲ ಕೆಳಗೆ, ಬಿಸಿಲಲ್ಲಿ ನಿಂತವನ ಹಾಗೆ ಕಂಡ. ಬೆನ್ನು ತಾನಾಗಿಯೇ ಬಾಗಿತ್ತು. ಬಾಗಿಸು ಎಂದು ಯಾರು ಹೇಳಿದರು ಇವನಿಗೆ? ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಮುಳ್ಳು ತಾಗಿದವನಂತೆ ಹಲಗಿಯನ್ನು ಕಿತ್ತು ಕುರ್ಚಿಯ ಮೇಲಿಟ್ಟ.

"ಮುಂಬೈವಾಲೇ ಆಗಯೇ," ಅಂದರು ಒಳಬಂದ ರಶೀದ ಅಹ್ಮದ್. "ವಾಲಿದ್ ಸಾಹೇಬ್ ಕಿಧರ್ ಹೈ?"

ಮುಂಬಯಿಯವರು ಬಂದಿದ್ದರು. ಅಪ್ಪ ಎಲ್ಲಿ ಎಂದು ಕೇಳುತ್ತಿದ್ದರು. ಬಡಿಯುವವನು ನಾನು ಉಸ್ತಾದ್ ಎಂದು ಹೇಳಬೇಕಾದ ಜಾಗ ಅದು. ಖಾಲಿ ಜಾಗ. ಮಚ್ಛೇಂದ್ರ ತಾಳಿದ. ತಾಳಿ, "ಅವರಿಗೆ ಮೈಯಲ್ಲಿ ಆರಾಮಿಲ್ಲ, ಆದರೂ ಬಂದಿದ್ದಾರೆ, ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಇವತ್ತು ಹಲಗಿ ಬೇಡ, ನಾನು ಗಿಟಾರಿನಲ್ಲೇ ಆ ಏಟು ತರುತ್ತೇನೆ" ಎಂದು ಉರ್ದುವಿನಲ್ಲಿ ಹೇಳಿದ. ಎಷ್ಟು ಸಲೀಸಾಗಿ ಬಂತು! ರಶೀದ ಅಹ್ಮದರ ಮುಖ ಇಳಿಯಿತು. ಅವನ ಹೆಗಲು ತಟ್ಟಿದರು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಮುಂಬಯಿಯವರು, ತುದಿಯ ಕುರ್ಚಿಯಲ್ಲಿ ಬಿಳಿ ಅಂಗಿಯ ಕಾಶೀರಾಮ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು. ರಶೀದ ಅಹ್ಮದ್ ಮೈಕಿನ ಮುಂದೆ ಬಂದು ಮುರುಕು ಕನ್ನಡದಲ್ಲಿ, ಮಳೆ ತರಿಸಿದ ಆ ಮಹಾನ್ ಕಲಾವಿದರಿಗೆ ಇವತ್ತು ಆರಾಮಿಲ್ಲ, ಆದರೂ ಮಗನ ಸಲುವಾಗಿ ಇಲ್ಲಿ ಬಂದಿದ್ದಾರೆ ಎಂದರು. ಅಯ್ಯೋ ಎಂದು ಸಭೆ ಲೊಚಗುಟ್ಟಿತು. ಕಾಶೀರಾಮ ಎದ್ದು ನಿಂತ.

"ನಾ ಆರಾಮ ಇದ್ದೇನ್ರಿ," ಅಂದ. ದನಿ ದೊಡ್ಡದಿರಲಿಲ್ಲ, ಆದರೆ ಶಾಲೆಯಲ್ಲಿ ಹುಡುಗರನ್ನು ಸಾಲುಗಟ್ಟಿಸಿದ ದನಿ, ಹಿಂದಿನವರೆಗೂ ಕೇಳಿತು. "ನನಗೇನೂ ಆಗಿಲ್ಲ. ಬಡಿಯಾವ ನನ್ನ ಮಗ. ಅಂವ ಬಡೀತೇನಿ ಅಂದಾನ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಸಭೆಗೆ ತಾನು ತಿಳಿದುಕೊಳ್ಳಬೇಕಾದ್ದು ತಿಳಿಯಿತು: ಮುದುಕ ಆರಾಮಿದ್ದಾನೆ, ಬಿಗುಮಾನ ಮಾಡುತ್ತಿದ್ದಾನೆ, ಒತ್ತಾಯ ಮಾಡಬೇಕು. ಚಪ್ಪಾಳೆ ಎದ್ದಿತು. "ಬರ್ರಿ ಕಾಕಾ!" "ಏರ್ರಿ ಮ್ಯಾಲ!" "ಏಕ್ ಬಾರ್, ಚಚಾ!" ಸ್ವಯಂಸೇವಕರಿಬ್ಬರು ನಗುತ್ತ ಬಂದು ಅವನ ಎರಡೂ ತೋಳು ಹಿಡಿದರು. ಒಲ್ಲೆನ್ರಿ, ಬಿಡ್ರಿ ಎಂದು ಅವನು ಕೊಸರಿದ. ಕೊಸರಿದಷ್ಟೂ ಜನಕ್ಕೆ ಪ್ರೀತಿ ಉಕ್ಕಿತು, ಇನ್ನಿಬ್ಬರು ಬಂದು ಬೆನ್ನ ಹಿಂದಿನಿಂದ ನೂಕಿದರು. ಮೆಟ್ಟಿಲಲ್ಲಿ ಅವನ ಒಂದು ಚಪ್ಪಲಿ ಉಳಿಯಿತು. ವೇದಿಕೆಯ ಮೇಲೆ ಯಾರೋ ಶಾಲು ಹೊದಿಸಿದರು, ಯಾರೋ ಫೋಟೋ ತೆಗೆದರು, ಯಾರೋ ಮೇಕಪ್ಪಿನ ಕೋಣೆಯ ಕುರ್ಚಿಯ ಮೇಲಿಂದ ಹಲಗಿ ತಂದು ಅವನ ಕೊರಳಿಗೆ ಹಾಕಿ, ಬಡಿಗೆ ಕೈಗೆ ಕೊಟ್ಟೇ ಬಿಟ್ಟರು. ಸಭೆ ಒಂದೇ ಲಯದಲ್ಲಿ ಚಪ್ಪಾಳೆ ತಟ್ಟುತ್ತಿತ್ತು.

ಕಾಶೀರಾಮ ವೇದಿಕೆಯ ಮೇಲೆ ಗಿಟಾರು ಹಾಕಿಕೊಂಡು ನಿಂತಿದ್ದ ಮಗನ ಕಡೆ ತಿರುಗಿದ. ಮೈಕಿಗೆ ಕೇಳಿಸದಷ್ಟು ಮೆಲ್ಲಗೆ, "ಮಚ್ಛ್ಯಾ, ಬಾ. ತಗೋ" ಅಂದ. ಹಲಗಿಯ ಪಟ್ಟಿಯನ್ನು ಹೆಬ್ಬೆರಳಿಂದ ಎತ್ತಿ ಹಿಡಿದಿದ್ದ. ಮಗ ಒಂದೆರಡು ಹೆಜ್ಜೆ ಇಟ್ಟರೆ ಸಾಕು, ತಲೆಯ ಮೇಲಿಂದ ತೆಗೆದು ತನ್ನ ಕೊರಳಿಗೆ ಹಾಕಿಕೊಂಡರೆ ಸಾಕು. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ಅದರಾಚೆ ಜಬಡಾದ ಹುಡುಗರು ಸಿಳ್ಳೆ ಹಾಕುತ್ತಿದ್ದರು, ಮುಂಬಯಿಯವರು ಮುಂದಕ್ಕೆ ಬಾಗಿದ್ದರು. ಹೋಗಬೇಕು, ಹೋಗುತ್ತೇನೆ, ಈಗ ಹೋಗುತ್ತೇನೆ. ಮಚ್ಛೇಂದ್ರ ತಲೆ ತಗ್ಗಿಸಿ, ಆಗಲೇ ಸರಿಯಾಗಿ ಕೂತಿದ್ದ ತಂತಿಯೊಂದನ್ನು ತಿರುಪತೊಡಗಿದ. ತಿರುಪಿದ, ಮಿಡಿದು ನೋಡಿದ, ಮತ್ತೆ ತಿರುಪಿದ. ಅಪ್ಪ ಎಷ್ಟು ಹೊತ್ತು ಕಾದನೋ ಅವನು ನೋಡಲಿಲ್ಲ.

ಏಟು ಕೇಳಿತು.

ಮುಷ್ಟಿಯಲ್ಲಿ ಎದೆಗೆ ಗುದ್ದಿದ ಹಾಗಿತ್ತು. ಎರಡನೆಯದಕ್ಕೆ ಸಭೆ ಚಪ್ಪಾಳೆ ನಿಲ್ಲಿಸಿತು. ನಲವತ್ತಕ್ಕೂ ಹೆಚ್ಚು ವರ್ಷ ಒಂದು ಡಬ್ಬಿಯನ್ನೂ ಮುಟ್ಟದ ಕೈ ಅದು. ಹಗೆ ತೀರಿಸಿಕೊಳ್ಳುವವನಂತೆ ಬಡಿಯುತ್ತಿತ್ತು. ಊದಿದ ತುಟಿ ಒಡೆದು ಗದ್ದಕ್ಕೆ ರಕ್ತ ಇಳಿಯಿತು, ಒರೆಸಿಕೊಳ್ಳಲಿಲ್ಲ. ರಶೀದ ಅಹ್ಮದ್ ಕಣ್ಣು ಮುಚ್ಚಿ ಸ್ಯಾಕ್ಸೊಫೋನು ಎತ್ತಿದರು. ಮಚ್ಛೇಂದ್ರನ ಬೆರಳು ತಂತಿಗೆ ಬಿತ್ತು. ಹೆವಿ ಮೆಟಲ್ ಕಲಿಸಿದ ಕೈ, ಜಾಝ್ ಕಲಿಸಿದ ಕೈ, ಇಷ್ಟು ವರ್ಷ ಒಂದನ್ನೊಂದು ಕಂಡರಾಗದ ಎರಡೂ ಇವತ್ತು ಆ ಏಟಿನ ಮೇಲೆ ಕೂಡಿ ನಡೆದವು. ಅಪ್ಪ ಬಡಿದಲ್ಲಿ ಇವನು ತಾಳಿದ, ಅಪ್ಪ ಬಿಟ್ಟಲ್ಲಿ ಇವನು ಬಿದ್ದ. ಇಷ್ಟು ಚೆನ್ನಾಗಿ ಅವನು ಯಾವತ್ತೂ ನುಡಿಸಿರಲಿಲ್ಲ. ಇದೋ, ಇದಕ್ಕೇ ನಾನು ಹುಟ್ಟಿದ್ದು ಎಂದು ಮೈಯೆಲ್ಲ ಕೂಗಿತು. ಅವನಿಗೆ ಖುಷಿಯಾಯಿತು, ಹೇಳಲು ನಾಚಿಕೆಯಾಗುವಷ್ಟು ಖುಷಿಯಾಯಿತು. ಕಣ್ಣೆತ್ತಿ ಅಪ್ಪನನ್ನು ನೋಡಿ ನಕ್ಕ.

ಅಪ್ಪ ಬಡಿಗೆ ಕೈಬಿಟ್ಟ. ಸಭೆ ಎದ್ದು ನಿಂತಿತು. ಮುಂಬಯಿಯವರು ಎದ್ದು ನಿಂತರು. ಚಪ್ಪಾಳೆಯ ನಡುವೆ ಕಾಶೀರಾಮ ಕೊರಳಿನಿಂದ ಹಲಗಿ ತೆಗೆದು ನೆಲದ ಮೇಲಿಟ್ಟ. ಹೊದಿಸಿದ್ದ ಶಾಲು ಬಿಚ್ಚಿದ. ಮಗನ ಮುಂದೆ ಬಂದು ಬಗ್ಗಿ, ಅವನ ಬೂಟಿನ ಎದುರು ಆ ಶಾಲನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆ ಸರಿಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. ಬಡಿದು ಮುಗಿಸಿದ ಮೇಲೆ ಹಲಗಿಯವನು ದೊಡ್ಡವರ ಬಾಗಿಲ ಮುಂದೆ ಅರಿವೆ ಹಾಸಿ ಹಾಗೆಯೇ ನಿಲ್ಲಬೇಕು. ಮೇಲಿನಿಂದ ಅವನ ಪಾಲಿನ ಆಯವೆಂದು ಒಂದು ಮೊರ ಜೋಳ ಬಂದು ಬೀಳುವವರೆಗೆ ತಲೆ ಎತ್ತಬಾರದು. ಹಿಂದಿನ ಸಾಲುಗಳಲ್ಲಿ ನಾಲ್ಕಾರು ಮುದುಕರು ಅದನ್ನು ಗುರುತಿಸಿ ಚಪ್ಪಾಳೆ ನಿಲ್ಲಿಸಿದರು. ಉಳಿದವರು ತಟ್ಟುತ್ತಲೇ ಇದ್ದರು.

"ಬಡದೇನ್ರಿ ಧಣಿ," ಅಂದ ಕಾಶೀರಾಮ, ನೆಲ ನೋಡುತ್ತ. "ನನ್ನ ಆಯ ಕೊಡ್ರಿ. ಹೋಗ್ತೇನಿ."

"ಅಪ್ಪಾ," ಅಂದ ಮಚ್ಛೇಂದ್ರ. ಅಪ್ಪ ತಲೆ ಎತ್ತಲಿಲ್ಲ. ಗದ್ದದಿಂದ ಒಂದು ಹನಿ ಶಾಲಿನ ಜರಿಯ ಮೇಲೆ ಬಿತ್ತು. ಇಡೀ ಸಭೆ ನಿಂತು ನೋಡುತ್ತಿತ್ತು, ಮುದುಕ ಕಾಯುತ್ತಿದ್ದ, ಏನಾದರೂ ಮಾಡಲೇಬೇಕಿತ್ತು. ಮಚ್ಛೇಂದ್ರನ ಬಲಗೈ, ಅವನನ್ನು ಕೇಳದೆ, ದುಡ್ಡಿದ್ದ ಪ್ಯಾಂಟಿನ ಜೇಬಿಗೆ ಹೋಯಿತು.